ಪಾಳಿ ಮತ್ತು ಪಾಲು: ಆಟಿಸಂ ಹಾಗೂ ಎಡಿಎಚ್‌ಡಿ ಇರುವ ಪುಟ್ಟ ಮಕ್ಕಳಿಗೆ ಸರದಿಯನ್ನೂ ಹಂಚಿಕೆಯನ್ನೂ ಕಲಿಸುವುದು

ಮೂರು ವರ್ಷ ತುಂಬಿದ ಮಗುವನ್ನು ನರ್ಸರಿಗೆ ಸೇರಿಸಿದ ಕೆಲವೇ ವಾರಗಳಲ್ಲಿ ತಂದೆ-ತಾಯಿಯರಿಗೆ ಬರುವ ಮೊದಲ ದೂರು ಸಾಮಾನ್ಯವಾಗಿ ಅಕ್ಷರದ ಬಗೆಗಾಗಲಿ ಅಂಕಿಯ ಬಗೆಗಾಗಲಿ ಇರುವುದಿಲ್ಲ. ‘ನಿಮ್ಮ ಮಗು ತನ್ನ ಸರದಿ ಬರುವವರೆಗೆ ಕಾಯುವುದಿಲ್ಲ, ಕೈಗೆ ಸಿಕ್ಕ ಆಟಿಕೆಯನ್ನು ಯಾರಿಗೂ ಕೊಡುವುದಿಲ್ಲ, ಬೇರೆ ಮಕ್ಕಳ ಕೈಯಿಂದ ಕಸಿದುಕೊಳ್ಳುತ್ತದೆ’ ಎಂಬುದೇ ಆ ದೂರು. ಬಹುಪಾಲು ಮಕ್ಕಳ ವಿಷಯದಲ್ಲಿ ಇದು ಕೆಲವು ತಿಂಗಳಲ್ಲಿ ತಾನಾಗಿಯೇ ಅಡಗುತ್ತದೆ. ಆಟಿಸಂ ಅಥವಾ ಎಡಿಎಚ್‌ಡಿ ಇರುವ ಮಗುವಿನ ವಿಷಯದಲ್ಲಿ ಅನೇಕ ವೇಳೆ ಬೆಳೆಯುತ್ತಲೇ ಹೋಗುತ್ತದೆ. ಹುಟ್ಟುಹಬ್ಬದ ಆಮಂತ್ರಣಗಳು ನಿಲ್ಲುತ್ತವೆ. ಸೊಸೈಟಿಯ ಜಾರುಬಂಡೆಯ ಬಳಿ ಇತರ ತಾಯಂದಿರು ತಮ್ಮ ಮಕ್ಕಳನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಾರೆ. ‘ಮುಂದಿನ ವರ್ಷಕ್ಕೆ ಬೇರೆ ಶಾಲೆ ನೋಡಿಕೊಳ್ಳಿ’ ಎಂದು ಶಾಲೆಯವರೇ ಸೂಚಿಸುವುದೂ ಉಂಟು.

ಪುಣೆಯ ಕನ್ನಡಿಗರಲ್ಲಿ ಇಂಥ ಮಕ್ಕಳಿರುವ ಮನೆಗಳನ್ನು ನಾವು ಬಲ್ಲೆವು. ಸಮಾರಂಭಗಳಿಗೆ ಬಂದರೂ ಅವರು ಬಾಗಿಲ ಸಮೀಪದ ಕುರ್ಚಿಗಳಲ್ಲಿ ಕುಳಿತು, ಮಗು ಚಡಪಡಿಸಿದೊಡನೆ ಯಾರಿಗೂ ಹೇಳದೆ ಎದ್ದು ಹೋಗುತ್ತಾರೆ. ಅವರಿಗೂ ಅವರ ಬಂಧುಬಳಗಕ್ಕೂ ನರ್ಸರಿ ಶಿಕ್ಷಕಿಯರಿಗೂ ಉಪಯೋಗವಾಗಲೆಂದು ಈ ವಿಷಯದ ಮುಖ್ಯಾಂಶಗಳನ್ನು ಇಲ್ಲಿ ಸಂಗ್ರಹಿಸಿದ್ದೇವೆ. ನಾವು ವೈದ್ಯರಲ್ಲ. ಆದುದರಿಂದ ರೋಗನಿರ್ಣಯದ ಹಾಗೂ ಔಷಧಿಯ ಮಾತನ್ನು ತಜ್ಞರಿಗೆ ಬಿಟ್ಟು, ಮನೆಯಲ್ಲಿಯೂ ತರಗತಿಯಲ್ಲಿಯೂ ಮಾಡಬಹುದಾದ ಕೆಲಸವನ್ನಷ್ಟೇ ವಿವರಿಸುತ್ತೇವೆ.

ಎರಡು ಸ್ಥಿತಿಗಳ ಸ್ಥೂಲ ಪರಿಚಯ

ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಮಕ್ಕಳ ಮನೋವೈದ್ಯರಾಗಿದ್ದ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಕುರಿತು ಬರೆದ ಪ್ರಬಂಧದಿಂದ ಆಟಿಸಂ ಎಂಬ ಸ್ಥಿತಿ ವೈದ್ಯಲೋಕದ ಗಮನಕ್ಕೆ ಬಂದಿತು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಇದನ್ನೇ ಹೋಲುವ ಮಕ್ಕಳನ್ನು ವರ್ಣಿಸಿದರು. ಕನ್ನಡದಲ್ಲಿ ಇದನ್ನು ಸ್ವಲೀನತೆ ಎನ್ನುತ್ತಾರೆ. ಮರಾಠಿಯಲ್ಲಿ ಸ್ವಮಗ್ನತಾ ಎಂಬ ಪದ ಬಳಕೆಯಲ್ಲಿದೆ. ತನ್ನಲ್ಲಿ ತಾನೇ ಮುಳುಗಿರುವುದು ಎಂಬುದು ಎರಡು ಪದಗಳ ಅರ್ಥ. ಆದರೆ ಈ ಅರ್ಥವನ್ನು ಪೂರ್ತಿಯಾಗಿ ನಂಬಬಾರದು. ಈ ಮಕ್ಕಳಿಗೆ ಜನರೊಡನೆ ಸಂಬಂಧ ಬೇಡವೆಂದಲ್ಲ. ಸಂಬಂಧ ಬೆಳೆಸುವ ಅವರ ದಾರಿ ಬೇರೆ. ಕಣ್ಣಸನ್ನೆ, ಮುಖಭಾವ, ದನಿಯ ಏರಿಳಿತ ಮುಂತಾದ ಸೂಚನೆಗಳನ್ನು ಗ್ರಹಿಸುವುದು ಅವರಿಗೆ ಕಷ್ಟ. ಒಂದೇ ಕ್ರಮ, ಒಂದೇ ವಸ್ತು, ಒಂದೇ ವಿಷಯದಲ್ಲಿ ಆಸಕ್ತಿ ಹೆಚ್ಚು. ಸದ್ದು, ಬೆಳಕು, ಸ್ಪರ್ಶಗಳು ಕೆಲವರಿಗೆ ಅಸಹನೀಯವಾಗುತ್ತವೆ.

ಎಡಿಎಚ್‌ಡಿ ಎಂದರೆ ಗಮನದ ಕೊರತೆ, ಅತಿಯಾದ ಚಟುವಟಿಕೆ ಮತ್ತು ತಡೆಯಿಲ್ಲದ ಆತುರ. ಮೂರು ವರ್ಷದ ಯಾವ ಮಗುವೂ ಒಂದೆಡೆ ಕೂರುವುದಿಲ್ಲ. ಆದುದರಿಂದ ನಾಲ್ಕು ವರ್ಷಕ್ಕೆ ಮುನ್ನ ಎಡಿಎಚ್‌ಡಿ ಎಂಬ ಹೆಸರನ್ನು ಹಚ್ಚಲು ವೈದ್ಯರು ಹಿಂಜರಿಯುತ್ತಾರೆ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ನೀಡಬೇಕಾದುದು ಔಷಧಿಯಲ್ಲ, ತಂದೆ-ತಾಯಿಯರಿಗೆ ತರಬೇತಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2019ರ ಮಾರ್ಗಸೂಚಿಯಲ್ಲಿಯೂ ಹೇಳಿದೆ.

ಒಂದೇ ಮಗುವಿನಲ್ಲಿ ಎರಡೂ ಇರುವುದು ಅಪರೂಪವಲ್ಲ. ಆದರೆ ಅಮೆರಿಕದ ಮನೋವೈದ್ಯ ಸಂಘದ ಕೈಪಿಡಿ 2013ರವರೆಗೆ ಎರಡನ್ನೂ ಒಟ್ಟಿಗೆ ದಾಖಲಿಸಲು ಅವಕಾಶ ಕೊಟ್ಟಿರಲಿಲ್ಲ. ಆ ವರ್ಷ ಬಂದ ಐದನೆಯ ಆವೃತ್ತಿ ಈ ತಡೆಯನ್ನು ತೆಗೆಯಿತು.

ತಾಯಿಯ ಪ್ರೀತಿ ಸಾಲದೆ ಮಗು ಹೀಗಾಯಿತೆಂಬ ವಾದ ಒಂದು ಕಾಲದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಪ್ರಬಲವಾಗಿತ್ತು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಅದನ್ನು ಬಲವಾಗಿ ಖಂಡಿಸಿದರು. ಇವು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿಗಳು. ಸಾಕಿದ ರೀತಿಯಿಂದ ಬಂದವಲ್ಲ. ನಮ್ಮ ಬಂಧುಗಳ ಮಾತಿನಲ್ಲಿ ಮಾತ್ರ ಆ ಹಳೆಯ ವಾದ ಇನ್ನೂ ಜೀವಂತವಾಗಿದೆ.

ಎಲ್ಲ ಮಕ್ಕಳಲ್ಲಿಯೂ ಇದು ನಿಧಾನವೇ

ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ನರ್ಸರಿ ಮಕ್ಕಳ ಆಟವನ್ನು ಗಮನಿಸಿ ಅದರ ಹಂತಗಳನ್ನು ಗುರುತಿಸಿದರು. ಮೊದಲು ಒಬ್ಬಂಟಿ ಆಟ. ಆಮೇಲೆ ಪಕ್ಕಪಕ್ಕದಲ್ಲಿ ಕುಳಿತು ತಂತಮ್ಮ ಆಟ. ಬಳಿಕ ವಸ್ತುಗಳ ಕೊಡುಕೊಳ್ಳುವಿಕೆ. ಕೊನೆಗೆ ಒಂದೇ ಉದ್ದೇಶದಿಂದ ಕೂಡಿ ಆಡುವುದು. ಸ್ವಿಟ್ಜರ್ಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೂರು-ನಾಲ್ಕು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಸಿಹಿತಿನಿಸನ್ನು ಹಂಚುವಾಗ ತಮ್ಮ ಲಾಭವನ್ನೇ ನೋಡಿಕೊಂಡರು. ಏಳೆಂಟು ವರ್ಷದ ಮಕ್ಕಳಲ್ಲಿ ಹೆಚ್ಚಿನವರು ಸಮಪಾಲನ್ನು ಆರಿಸಿದರು. ಅಂದಮೇಲೆ ಮೂರು ವರ್ಷದ ಮಗುವಿನಿಂದ ಧಾರಾಳತನವನ್ನು ನಿರೀಕ್ಷಿಸುವುದು ದೊಡ್ಡವರ ಅವಸರವೇ ಸರಿ. ವಿಶೇಷ ಅಗತ್ಯವುಳ್ಳ ಮಗುವಿನ ವಿಷಯದಲ್ಲಂತೂ ವಯಸ್ಸನ್ನು ನೋಡದೆ, ಅದು ಈಗ ಯಾವ ಹಂತದಲ್ಲಿದೆ ಎಂಬುದನ್ನು ನೋಡಿ ಅಲ್ಲಿಂದ ಮುಂದಿನ ಒಂದು ಮೆಟ್ಟಿಲನ್ನು ಮಾತ್ರ ಕಲಿಸತಕ್ಕದ್ದು.

ಪಾಳಿ ಬೇರೆ, ಪಾಲು ಬೇರೆ

‘ಹಂಚಿಕೋ’ ಎಂಬ ಒಂದೇ ಮಾತಿನಲ್ಲಿ ನಾವು ಮಗುವಿಗೆ ಹಲವು ಬೇರೆ ಬೇರೆ ಕೆಲಸಗಳನ್ನು ಹೇಳುತ್ತೇವೆ. ಲಾಡುವನ್ನು ಹಂಚಿಕೊಂಡರೆ ಅರ್ಧ ಲಾಡು ಹೋಯಿತು; ಮತ್ತೆ ಬರುವುದಿಲ್ಲ. ಮೂರು ಚಕ್ರದ ಸೈಕಲ್ಲನ್ನು ಹಂಚಿಕೊಂಡರೆ ಅದು ಸ್ವಲ್ಪ ಹೊತ್ತಿಗೆ ಹೋಗಿ ತಿರುಗಿ ಬರುತ್ತದೆ. ಬಣ್ಣದ ಪೆನ್ಸಿಲುಗಳ ಡಬ್ಬಿಯನ್ನು ಹಂಚಿಕೊಂಡರೆ ಅದು ಎಲ್ಲಿಗೂ ಹೋಗುವುದಿಲ್ಲ, ಇಬ್ಬರೂ ಕೈಹಾಕುತ್ತಾರೆ. ಮಾತನ್ನು ಅದರ ಅಕ್ಷರಾರ್ಥದಲ್ಲಿಯೇ ಹಿಡಿಯುವ ಮಗು ಈ ಶಬ್ದವನ್ನು ಮೊದಲು ಲಾಡುವಿನಿಂದ ಕಲಿತಿದ್ದರೆ, ಸೈಕಲ್ಲಿನ ವಿಷಯದಲ್ಲಿ ‘ಹಂಚಿಕೋ’ ಎಂದಾಗ ಕಿರುಚಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಅದರ ಪಾಲಿಗೆ ಸೈಕಲ್ಲು ಲಾಡುವಿನಂತೆಯೇ ಕರಗಿ ಹೋಗಲಿದೆ!

ಆದುದರಿಂದ ಪಾಳಿಯನ್ನೂ ಪಾಲನ್ನೂ ಬೇರ್ಪಡಿಸಿ ಕಲಿಸಬೇಕು. ಪಾಳಿ ಎಂದರೆ ತಿರುಗಿ ಬರುವಂಥದು. ಪಾಲು ಎಂದರೆ ಕೊಟ್ಟದ್ದು ಹೋಗುವಂಥದು. ಮೊದಲು ಪಾಳಿಯನ್ನು ಕಲಿಸುವುದು ಸುಲಭ, ಏಕೆಂದರೆ ಅದರಲ್ಲಿ ಮಗುವಿಗೆ ನಷ್ಟವಿಲ್ಲ. ಬ್ಯಾಂಕಿನಲ್ಲಿ ಠೇವಣಿ ಇಡುವವರು ಹಣ ಮರಳಿ ಬರುವುದೆಂಬ ಭರವಸೆಯಿಂದಲೇ ಇಡುತ್ತಾರೆ. ಆ ಭರವಸೆ ಉಪದೇಶದಿಂದ ಬಂದದ್ದಲ್ಲ. ಕೊಟ್ಟದ್ದು ಪ್ರತಿಸಲವೂ ಹೇಳಿದ ಹೊತ್ತಿಗೆ ಕೈಗೆ ಬಂದುದರಿಂದ ಬೆಳೆದದ್ದು. ಮಗುವಿನ ವಿಷಯವೂ ಅಷ್ಟೇ. ಈ ಲೇಖನದ ಮುಂದಿನ ಸೂಚನೆಗಳೆಲ್ಲ ಆ ಭರವಸೆಯನ್ನು ಬೆಳೆಸುವ ಉಪಾಯಗಳೇ ಆಗಿವೆ.

ತೊಡಕು ಎಲ್ಲಿದೆ?

ಹೊರನೋಟಕ್ಕೆ ಇಬ್ಬರು ಮಕ್ಕಳೂ ಕಸಿದುಕೊಳ್ಳುತ್ತಾರೆ; ಕಾರಣ ಮಾತ್ರ ಬೇರೆ. ಆಟಿಸಂ ಇರುವ ಮಗುವಿಗೆ ಅನೇಕ ವೇಳೆ ಸರದಿ ಎಂಬುದೇ ಕಾಣಿಸುವುದಿಲ್ಲ. ಯಾರ ಆಟ ಮುಗಿಯಿತು, ಇನ್ನು ಯಾರದು ಎಂಬುದನ್ನು ಇತರ ಮಕ್ಕಳು ನೋಟದಿಂದಲೇ ತಿಳಿದುಕೊಳ್ಳುತ್ತಾರೆ. ಈ ಮಗುವಿನ ಗಮನ ವಸ್ತುವಿನ ಮೇಲಿರುತ್ತದೆ, ಅದನ್ನು ಹಿಡಿದ ವ್ಯಕ್ತಿಯ ಮೇಲಲ್ಲ. ಸಾಲಾಗಿ ಜೋಡಿಸಿಟ್ಟ ಕಾರುಗಳಲ್ಲಿ ಒಂದನ್ನು ಬೇರೆಯವರು ಎತ್ತಿಕೊಂಡರೆ ಒಂದು ಕಾರು ಹೋಯಿತು ಎಂದಷ್ಟೇ ಅಲ್ಲ, ಇಡೀ ಜೋಡಣೆ ಕೆಟ್ಟಿತೆಂದು ಅದಕ್ಕೆ ದುಃಖ.

ಎಡಿಎಚ್‌ಡಿ ಇರುವ ಮಗುವಿಗೆ ನಿಯಮ ಸಾಮಾನ್ಯವಾಗಿ ಗೊತ್ತಿರುತ್ತದೆ. ಕೇಳಿದರೆ ‘ಈಗ ಅವನ ಪಾಳಿ’ ಎಂದು ಸರಿಯಾಗಿ ಹೇಳಲೂಬಹುದು. ಹೇಳುತ್ತಿರುವಾಗಲೇ ಕೈ ಮುಂದೆ ಹೋಗಿರುತ್ತದೆ. ಕಾಯುವ ಹೊತ್ತು ಅದಕ್ಕೆ ಇತರರಿಗಿಂತ ದೀರ್ಘವಾಗಿ ತೋರುತ್ತದೆ. ತಡವಾಗಿ ಬರುವ ಪ್ರತಿಫಲ ಅದನ್ನು ಹಿಡಿದಿಡಲಾರದು.

ಮೊದಲನೆಯ ಮಗುವಿಗೆ ಸರದಿಯನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು. ಎರಡನೆಯ ಮಗುವಿಗೆ ಕಾಯುವ ಹೊತ್ತನ್ನು ಕಿರಿದು ಮಾಡಿ, ಕಾದ ಕೂಡಲೇ ಫಲ ದೊರೆಯುವಂತೆ ನೋಡಿಕೊಳ್ಳಬೇಕು. ಎರಡೂ ಇರುವ ಮಗುವಿಗೆ ಎರಡೂ ಬೇಕು. ಇದು ದೊಡ್ಡವರಿಗೂ ಹೊರತಲ್ಲ. ಬ್ಯಾಂಕಿನಲ್ಲಿ ಟೋಕನ್ ಸಂಖ್ಯೆ ತೋರಿಸುವ ಫಲಕ ಕೆಟ್ಟ ದಿನ ಸುಶಿಕ್ಷಿತ ಗ್ರಾಹಕರೂ ಕೌಂಟರಿಗೆ ಮುಗಿಬೀಳುವುದನ್ನು ನಾವು ನೋಡಿದ್ದೇವೆ. ಸರದಿ ಕಾಣದಿದ್ದರೆ ತಾಳ್ಮೆ ಉಳಿಯುವುದಿಲ್ಲ.

ಮನೆಯಲ್ಲಿ ಕಲಿಸುವ ಕ್ರಮ

1. ಮೊದಲ ಜೊತೆಗಾರರು ದೊಡ್ಡವರೇ ಆಗಿರಲಿ. ಸಮವಯಸ್ಕ ಮಗುವಿಗೂ ಕಾಯುವುದು ಕಷ್ಟವೇ ಆದುದರಿಂದ ಇಬ್ಬರು ಮಕ್ಕಳನ್ನು ಎದುರುಬದುರು ಕೂರಿಸಿ ಆರಂಭಿಸಬಾರದು. ತಾಯಿ, ತಂದೆ ಅಥವಾ ಅಜ್ಜಿ ಮಗುವಿನ ಮುಂದೆ ನೆಲದ ಮೇಲೆ ಕುಳಿತುಕೊಳ್ಳಲಿ.

2. ಮಗುವಿಗೆ ಇಷ್ಟವಾದ, ಆದರೆ ಪ್ರಾಣಕ್ಕೆ ಪ್ರಾಣವಲ್ಲದ ವಸ್ತುವನ್ನು ಆರಿಸಬೇಕು. ಚೆಂಡನ್ನು ಉರುಳಿಸುವುದು, ಒಂದರ ಮೇಲೊಂದು ಲೋಟ ಪೇರಿಸುವುದು, ಡಬ್ಬಿಗೆ ಮರದ ತುಂಡು ಹಾಕುವುದು, ಸಾಬೂನಿನ ಗುಳ್ಳೆ ಊದುವುದು ಮೊದಲಾದವುಗಳಲ್ಲಿ ಪ್ರತಿ ಸರದಿಯೂ ತಾನಾಗಿಯೇ ಬೇಗ ಮುಗಿಯುತ್ತದೆ. ಮೊಬೈಲ್ ಫೋನು ಈ ಪಾಠಕ್ಕೆ ತಕ್ಕದ್ದಲ್ಲ. ಅದರಲ್ಲಿ ಸರದಿಗೆ ಕೊನೆಯೆಂಬುದಿಲ್ಲ.

3. ದೊಡ್ಡವರ ಪಾಳಿ ಬಹಳ ಚಿಕ್ಕದಾಗಿರಲಿ. ಮೊದಲ ದಿನಗಳಲ್ಲಿ ಎರಡು-ಮೂರು ಸೆಕೆಂಡು ಸಾಕು. ವಸ್ತುವನ್ನು ತೆಗೆದುಕೊಂಡು, ಮಗು ಗಾಬರಿಯಾಗುವ ಮೊದಲೇ ಹಿಂದಿರುಗಿಸಬೇಕು. ದಿನಕ್ಕೆ ಎರಡು-ಮೂರು ಬಾರಿ, ಒಂದೊಂದು ಬಾರಿ ಐದು ನಿಮಿಷ ಆಡಿದರೆ ಸಾಕು. ಮಗು ಆತಂಕವಿಲ್ಲದೆ ಕೈಬಿಡತೊಡಗಿದ ಮೇಲೆ ಐದು, ಹತ್ತು ಸೆಕೆಂಡುಗಳಂತೆ ಹೆಚ್ಚಿಸಬಹುದು.

4. ಪ್ರತಿಸಲವೂ ಅದೇ ಮಾತು, ಚಿಕ್ಕ ಮಾತು. ‘ನಾನು’, ‘ನೀನು’ ಎಂಬ ಸರ್ವನಾಮಗಳು ಆಟಿಸಂ ಇರುವ ಅನೇಕ ಮಕ್ಕಳಿಗೆ ಗೊಂದಲ ತರುತ್ತವೆ. ‘ನಿನ್ನ ಪಾಳಿ’ ಎಂದರೆ ಮಗುವೂ ‘ನಿನ್ನ ಪಾಳಿ’ ಎಂದೇ ಮರುನುಡಿದು ತನಗಾಗಿ ಕೈಚಾಚುತ್ತದೆ. ಆದುದರಿಂದ ‘ಅಮ್ಮನ ಪಾಳಿ’, ‘ಪುಟ್ಟನ ಪಾಳಿ’ ಎಂದು ಹೆಸರಿಟ್ಟೇ ಹೇಳುವುದು ಲೇಸು. ಹೇಳುವಾಗ ಅಂಗೈಯನ್ನು ಆಯಾ ವ್ಯಕ್ತಿಯ ಎದೆಯ ಮೇಲಿಟ್ಟು ತೋರಿಸಬೇಕು. ಮಾತು ಬಾರದ ಮಗುವಿಗೆ ಈ ಸನ್ನೆಯೇ ಮಾತಾಗುತ್ತದೆ.

5. ಸರದಿ ಕಣ್ಣಿಗೆ ಕಾಣಲಿ. ಮನೆಯವರ ಭಾವಚಿತ್ರಗಳನ್ನು ರಟ್ಟಿಗೆ ಅಂಟಿಸಿ ಸಾಲಾಗಿ ಇಟ್ಟು, ಯಾರ ಪಾಳಿಯೋ ಅವರ ಚಿತ್ರದ ಮೇಲೆ ಒಂದು ಬಿಲ್ಲೆ ಇಡಬಹುದು. ಎಷ್ಟು ಹೊತ್ತು ಎಂಬುದನ್ನು ತೋರಿಸಲು ಮರಳು ಗಡಿಯಾರ ಅಥವಾ ಬೆರಳು ಮಡಿಸುತ್ತ ಎಣಿಸುವುದು ಉತ್ತಮ. ಗಂಟೆ ಬಾರಿಸುವ ಗಡಿಯಾರದ ಸದ್ದು ಕೆಲವು ಮಕ್ಕಳಿಗೆ ಭಯ ಹುಟ್ಟಿಸುತ್ತದೆ. ಅಂಥಲ್ಲಿ ಅದು ಬೇಡ. ‘ಒಂದು ನಿಮಿಷ ತಾಳು’ ಎಂದು ಹೇಳಿ ಹತ್ತು ನಿಮಿಷ ಕಾಯಿಸುವ ನಮ್ಮ ರೂಢಿಯನ್ನು ಈ ಮನೆಗಳಲ್ಲಿ ಸಂಪೂರ್ಣವಾಗಿ ಬಿಡಬೇಕು.

6. ಕಾಯುವವರಿಗೂ ಕೆಲಸವಿರಲಿ. ಸುಮ್ಮನೆ ಕೈಕಟ್ಟಿ ಕೂರುವುದು ಎಡಿಎಚ್‌ಡಿ ಇರುವ ಮಗುವಿಗೆ ದುಸ್ತರ. ಬುಟ್ಟಿ ಹಿಡಿಯುವುದು, ಗಟ್ಟಿಯಾಗಿ ಎಣಿಸುವುದು, ಮರಳು ಗಡಿಯಾರವನ್ನು ತಿರುಗಿಸುವುದು, ಚಪ್ಪಾಳೆ ತಟ್ಟುವುದು ಹೀಗೆ ಏನಾದರೊಂದನ್ನು ಒಪ್ಪಿಸಬೇಕು. ನಿಂತೋ ಕುಣಿದೋ ಕಾದರೂ ಅದು ಕಾದದ್ದೇ.

7. ಮೆಚ್ಚುಗೆ ಆ ಕ್ಷಣದಲ್ಲಿಯೇ, ನಿರ್ದಿಷ್ಟವಾಗಿ ಬರಲಿ. ‘ಜಾಣ ಮರಿ’ ಎಂಬುದಕ್ಕಿಂತ ‘ಪುಟ್ಟ ಕಾದ, ಚೆಂಡು ಬಂತು’ ಎಂಬುದು ಹೆಚ್ಚು ಕಲಿಸುತ್ತದೆ.

8. ಕಸಿದುಕೊಂಡರೆ ಉಪದೇಶ ಬೇಡ. ಅಳುವಾಗ ಮಗುವಿಗೆ ನೀತಿ ಕೇಳಿಸುವುದಿಲ್ಲ. ಕಾಯುವ ಹೊತ್ತು ಹೆಚ್ಚಾಯಿತೆಂದು ತಿಳಿದು, ಅದನ್ನು ಅರ್ಧಕ್ಕೆ ಇಳಿಸಿ ಮತ್ತೊಮ್ಮೆ ಆಡಿ, ಯಶಸ್ವಿಯಾದ ಒಂದು ಪಾಳಿಯೊಂದಿಗೆ ಆಟ ಮುಗಿಸಬೇಕು. ಶಿಕ್ಷೆಯೆಂದು ಅದರ ಪಾಳಿಯನ್ನೇ ರದ್ದುಮಾಡಿದರೆ ‘ಕೊಟ್ಟದ್ದು ಬರುವುದಿಲ್ಲ’ ಎಂಬ ತಪ್ಪು ಪಾಠವನ್ನು ನಾವೇ ಕಲಿಸಿದಂತಾಗುತ್ತದೆ.

ಇಬ್ಬರ ಆಟ ನೆಲೆಗೊಂಡ ಮೇಲೆ ಮೂರನೆಯವರನ್ನು ಸೇರಿಸಬೇಕು. ಆಗ ಕಾಯುವ ಹೊತ್ತು ಎರಡು ಪಟ್ಟಾಗುವುದರಿಂದ ಹಿಂದಿನ ಹೆಜ್ಜೆಗಳನ್ನು ಮತ್ತೊಮ್ಮೆ ಹಾಕಬೇಕಾದೀತು. ಅಣ್ಣ, ಅಕ್ಕ ಅಥವಾ ಶಾಂತ ಸ್ವಭಾವದ ನೆರೆಮನೆಯ ಮಗು ಇದಕ್ಕೆ ತಕ್ಕವರು. ಆನಂತರವೇ ಪಾಲಿನ ಪಾಠ. ಕಿತ್ತಳೆಯ ತೊಳೆ, ಚಿಕ್ಕಿಯ ತುಂಡು, ಕಡಲೆಪುರಿಯಂತೆ ಎಣಿಸಿಯೋ ಅಳೆದೋ ಹಂಚಬಹುದಾದ ತಿನಿಸುಗಳಿಂದ ಆರಂಭಿಸಿ, ‘ಅಜ್ಜನಿಗೆ ಒಂದು, ಪುಟ್ಟನಿಗೆ ಒಂದು’ ಎಂದು ಮಗುವಿನ ಕೈಯಿಂದಲೇ ಹಂಚಿಸಬೇಕು.

ಇನ್ನೊಂದು ಮಾತು. ಪ್ರತಿ ಮಗುವಿಗೂ ಯಾರಿಗೂ ಕೊಡಬೇಕಿಲ್ಲದ ಒಂದೆರಡು ವಸ್ತುಗಳಿರಲಿ. ಅವುಗಳಿಗೆ ಒಂದು ಪೆಟ್ಟಿಗೆ ಮೀಸಲಿರಲಿ. ಅತಿಥಿಗಳ ಮಕ್ಕಳು ಬಂದಾಗ ಅದು ಬೀರುವಿನೊಳಗೆ ಹೋಗಲಿ. ದೊಡ್ಡವರಾದ ನಾವೂ ನಮ್ಮ ಕನ್ನಡಕವನ್ನಾಗಲಿ ಫೋನನ್ನಾಗಲಿ ಕೇಳಿದವರಿಗೆಲ್ಲ ಕೊಡುವುದಿಲ್ಲವಷ್ಟೆ.

ನಮ್ಮ ಮನೆಗಳ ಆಟಗಳು

ಈ ಪಾಠಕ್ಕೆ ದುಬಾರಿ ಆಟಿಕೆಗಳು ಬೇಕಿಲ್ಲ. ಅಳಗುಳಿಮಣೆ, ಚೌಕಾಬಾರ, ಹಾವು-ಏಣಿ ಇವೆಲ್ಲ ಸರದಿಯ ಆಟಗಳೇ. ಅಳಗುಳಿಮಣೆಯ 14 ಗುಳಿಗಳಲ್ಲಿ ಕಾಳುಗಳನ್ನು ಒಂದೊಂದಾಗಿ ಬಿಡುತ್ತ ಹೋಗುವುದು ಕ್ರಮವನ್ನು ಇಷ್ಟಪಡುವ ಮಗುವಿಗೆ ಹಿಡಿಸುತ್ತದೆ. ಸೋಲು-ಗೆಲುವು ಈಗಲೇ ಬೇಡ. ಕಾಳು ಬಿಡುವುದಷ್ಟೇ ಸಾಕು. ಆದರೆ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ಮಗುವಿದ್ದರೆ ಹುಣಸೆಬೀಜ, ಕವಡೆಗಳನ್ನು ಬಳಸಬಾರದು. ‘ಔಟಾದವರು ಹೊರಗೆ’ ಎಂಬ ನಿಯಮದ ಆಟಗಳೂ ಬೇಡ. ಕಾಯಲು ಬಾರದ ಮಗುವೇ ಅವುಗಳಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಹೊರಗೆ ಕಾಯಬೇಕಾಗುತ್ತದೆ. ಅಡುಗೆಮನೆಯೂ ಒಳ್ಳೆಯ ಪಾಠಶಾಲೆ. ಚಪಾತಿ ಹಿಟ್ಟಿನ ಉಂಡೆ ಕಟ್ಟುವುದು, ಬಟಾಣಿ ಬಿಡಿಸುವುದು, ಗಿಡಕ್ಕೆ ಒಂದೊಂದು ಚೊಂಬು ನೀರು ಹಾಕುವುದು ಇವುಗಳಲ್ಲಿ ಪಾಳಿ ಸಹಜವಾಗಿಯೇ ಬರುತ್ತದೆ.

ಯಾವ ಭಾಷೆಯಲ್ಲಿ ಕಲಿಸಬೇಕು?

ಪುಣೆಯ ಕನ್ನಡಿಗರಿಗೆ ಈ ಪ್ರಶ್ನೆ ಅತ್ಯಂತ ಮಹತ್ವದ್ದು. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ನರ್ಸರಿಯಲ್ಲಿ ಇಂಗ್ಲಿಷು. ಮಾತು ತಡವಾದ ಮಗುವಿಗೆ ಇಷ್ಟು ಭಾಷೆ ಹೊರೆಯಾಗುತ್ತದೆ, ಕನ್ನಡವನ್ನು ಬಿಟ್ಟುಬಿಡಿ ಎಂಬ ಸಲಹೆಯನ್ನು ಹಲವರು ಕೇಳಿದ್ದಾರೆ.

ಹುಬ್ಬಳ್ಳಿಯಿಂದ ವರ್ಗವಾಗಿ ಬಂದ ನಮ್ಮ ಸಹೋದ್ಯೋಗಿಯೊಬ್ಬರ ಮಗನಿಗೆ ಎರಡೂ ಸ್ಥಿತಿಗಳಿದ್ದವು. ಇಂಥದೇ ಸಲಹೆಯಂತೆ ಅವರು ಮನೆಯಲ್ಲಿ ಇಂಗ್ಲಿಷನ್ನು ಮಾತ್ರ ಆಡತೊಡಗಿದರು. ಕನ್ನಡವಲ್ಲದೆ ಬೇರೆ ಭಾಷೆ ಬಾರದ ಅಜ್ಜಿ ಮೊಮ್ಮಗನ ಮುಂದೆ ಮೂಕಳಾದಳು. ದಿನವಿಡೀ ಮನೆಯಲ್ಲಿದ್ದು ಅವನೊಡನೆ ಬಟ್ಟಲು ಪೇರಿಸುತ್ತಿದ್ದವಳು ಅವಳೊಬ್ಬಳೇ. ಆ ಆಟವೂ ನಿಂತಿತು. ಕೆಲವು ತಿಂಗಳ ನಂತರ ಬೇರೊಬ್ಬ ವಾಕ್‌ಚಿಕಿತ್ಸಕರು ಅಜ್ಜಿಯ ಕನ್ನಡವನ್ನು ಮರಳಿ ತರಿಸಿದರು. ‘ಅಜ್ಜೀ ಪಾಳಿ, ಪುಟ್ಟನ ಪಾಳಿ’ ಎನ್ನುತ್ತ ಲಟ್ಟಣಿಗೆಯೊಂದನ್ನು ಇಬ್ಬರೂ ಕೈಬದಲಿಸಿದರು. ಬಳಿಕ ತಾಯಿ ಸೇರಿ ಮೂವರಾದರು. ಹುಡುಗ ಶಾಲೆಯಲ್ಲಿ ಆಗಾಗ ಈಗಲೂ ಕಸಿದುಕೊಳ್ಳುತ್ತಾನೆ. ಆದರೆ ಮನೆಯಲ್ಲಿ ನಾಲ್ವರ ಸುತ್ತಿನಲ್ಲಿ ತನ್ನ ಪಾಳಿಗಾಗಿ ಕಾಯುತ್ತಾನೆ.

ಅಧ್ಯಯನಗಳೂ ಈ ಅನುಭವವನ್ನು ಬೆಂಬಲಿಸುತ್ತವೆ. ಕೆನಡಾದ ಸಂಶೋಧಕರು ಆಟಿಸಂ ಇರುವ 75 ಮಕ್ಕಳನ್ನು ಕುರಿತು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಗಳನ್ನು ಕೇಳಿ ಬೆಳೆದವರು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ಸರದಿಯ ಆಟಕ್ಕೆ ಜೊತೆಗಾರರು ಬೇಕು. ಆ ಜೊತೆಗಾರರು ತಮಗೆ ಸಹಜವಾಗಿ ಬರುವ ಭಾಷೆಯಲ್ಲಿ ನಗಬೇಕು, ಎಣಿಸಬೇಕು, ಮೆಚ್ಚಬೇಕು. ಕನ್ನಡವನ್ನು ತೆಗೆದರೆ ಮಗುವಿನ ಜೊತೆಗಾರರನ್ನೇ ತೆಗೆದಂತೆ.

ಪದದ ಆಯ್ಕೆಯಲ್ಲಿ ನಮಗೊಂದು ಅನುಕೂಲವೂ ಇದೆ. ಉತ್ತರ ಕರ್ನಾಟಕದಲ್ಲಿ ಸರದಿಗೆ ಪಾಳಿ ಎನ್ನುತ್ತಾರೆ. ಮರಾಠಿಯಲ್ಲಿಯೂ ಇದೇ ಅರ್ಥದ ‘ಪಾಳೀ’ ಇದೆ. ಮನೆಗೂ ನೆರೆಮನೆಗೂ ಒಂದೇ ಪದ ಸಲ್ಲುತ್ತದೆ. ನರ್ಸರಿಯ ಇಂಗ್ಲಿಷ್ ಪದವನ್ನು ಅದೇ ಸನ್ನೆಯೊಡನೆ ಸೇರಿಸಿ ಹೇಳುವಂತೆ ಶಿಕ್ಷಕಿಯನ್ನು ಕೇಳಿಕೊಂಡರೆ ಸಾಕು. ಪದ ಬದಲಾದರೂ ಎದೆಯ ಮೇಲಿನ ಅಂಗೈ ಬದಲಾಗದು.

ನರ್ಸರಿ, ಸೊಸೈಟಿ, ಉತ್ಸವ

ಮನೆಯಲ್ಲಿ ಕಲಿತದ್ದು ಶಾಲೆಗೆ ತಾನಾಗಿ ಹೋಗುವುದಿಲ್ಲ. ಒಂದೆಡೆ ಕಲಿತದ್ದನ್ನು ಇನ್ನೊಂದೆಡೆಗೆ ಒಯ್ಯುವುದು ಆಟಿಸಂ ಇರುವ ಮಕ್ಕಳಿಗೆ ವಿಶೇಷವಾಗಿ ಕಷ್ಟ. ಅದೇ ಚಿತ್ರದ ರಟ್ಟುಗಳನ್ನು, ಅದೇ ಮರಳು ಗಡಿಯಾರವನ್ನು ಶಾಲೆಗೂ ಕೊಡಬೇಕು. ಶಿಕ್ಷಕಿಯರು ಹದಿನೈದು ಮಕ್ಕಳ ಒಂದೇ ಸಾಲಿನ ಬದಲು ಮೂವರ ಗುಂಪು ಮಾಡುವುದು, ಈ ಮಗುವನ್ನು ಮೊದಲ ಅಥವಾ ಎರಡನೆಯ ಸ್ಥಾನದಲ್ಲಿ ನಿಲ್ಲಿಸಿ ಕ್ರಮೇಣ ಹಿಂದಕ್ಕೆ ಸರಿಸುವುದು ಉಪಯುಕ್ತ. ಬೆಂಗಳೂರಿನಲ್ಲಿ ವಾಕ್‌ತಜ್ಞೆ ಪ್ರತಿಭಾ ಕಾರಂತ ಅವರು 2000ದಲ್ಲಿ ಆರಂಭಿಸಿದ ಕಾಂ-ಡೀಲ್ ಕಾರ್ಯಕ್ರಮವು ಇಂಥ ಚಿಕ್ಕ ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ಸಿದ್ಧಗೊಳಿಸಿ ಸಾಮಾನ್ಯ ಶಾಲೆಗೆ ಕಳುಹಿಸುವ ಉದ್ದೇಶದ್ದು.

ಕಲಿಯಬೇಕಾದವರು ಈ ಮಕ್ಕಳು ಮಾತ್ರವೇ? ಬ್ರಿಟನ್ನಿನ ಡೇಮಿಯನ್ ಮಿಲ್ಟನ್, ಸ್ವತಃ ಆಟಿಸಂ ಇರುವ ವಿದ್ವಾಂಸರು, ಅರಿಯುವುದರಲ್ಲಿನ ತೊಡಕು ಎರಡು ಕಡೆಗೂ ಸೇರಿದ್ದೆಂದು 2012ರಲ್ಲಿ ವಾದಿಸಿದರು. ಈ ಮಗುವಿಗೆ ಇತರರ ಮನಸ್ಸು ಹೇಗೆ ತಿಳಿಯದೋ ಹಾಗೆಯೇ ಇತರರಿಗೂ ಇದರ ಮನಸ್ಸು ತಿಳಿಯದು. ‘ಪುಟ್ಟನಿಗೆ ಬಿಲ್ಲೆ ತೋರಿಸು, ಆಮೇಲೆ ಕೇಳು’ ಎಂದು ಹೇಳಿಕೊಟ್ಟರೆ ನಾಲ್ಕು ವರ್ಷದ ಗೆಳೆಯರೂ ಸಲೀಸಾಗಿ ಕಲಿಯುತ್ತಾರೆ.

ಪುಣೆಯಲ್ಲಿ ಗಣೇಶೋತ್ಸವದ ಹತ್ತು ದಿನ ಇಂಥ ಮನೆಗಳಿಗೆ ಕಠಿಣ ಪರೀಕ್ಷೆ. ಢೋಲ್-ತಾಶಾದ ಸದ್ದಿನಲ್ಲಿ ಎಂದಿನ ಪಾಠವೂ ನೆನಪಿಗೆ ಬಾರದು. ಮಂಟಪಕ್ಕೆ ಜನ ಕಡಿಮೆಯಿರುವ ಮಧ್ಯಾಹ್ನದಲ್ಲಿ ಹೋಗುವುದು, ಕಿವಿ ಮುಚ್ಚುವ ಸಾಧನವನ್ನು ಜೊತೆಗಿಟ್ಟುಕೊಳ್ಳುವುದು, ಪ್ರಸಾದದ ಸಾಲಿನಲ್ಲಿ ನಿಲ್ಲಿಸುವ ಬದಲು ಪ್ರಸಾದ ಹಂಚುವ ಕೆಲಸವನ್ನೇ ಕೊಡುವುದು ಒಳ್ಳೆಯದು. ಪಾಲಿನ ಪಾಠಕ್ಕೆ ಅದಕ್ಕಿಂತ ಉತ್ತಮ ಸಂದರ್ಭವಿಲ್ಲ.

ನೆರವು ಎಲ್ಲಿ?

ಪುಣೆಯ ರಾಸ್ತಾ ಪೇಟೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆ ಹಾಗೂ ಪುನರ್ವಸತಿಗೆ ಪ್ರತ್ಯೇಕ ಕೇಂದ್ರವಿದೆ. ಪ್ರಸನ್ನ ಆಟಿಸಂ ಕೇಂದ್ರವು ಆಟಿಸಂ ಇರುವವರಿಗಾಗಿಯೇ ನಗರದಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆ. ಕನ್ನಡದಲ್ಲಿ ತಪಾಸಣೆ, ಮಾರ್ಗದರ್ಶನ ಬಯಸುವವರು ರಜೆಯಲ್ಲಿ ಊರಿಗೆ ಹೋದಾಗ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನಾಗಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಕ್ಕಳ ವಿಭಾಗವನ್ನಾಗಲಿ ಕಾಣಬಹುದು. ಇದೇ ಮಹಾರಾಷ್ಟ್ರದ ಪಾಲ್ಘರಿನಲ್ಲಿ 2013ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳ ಬೆಳವಣಿಗೆಯ ತಪಾಸಣೆಯೂ ಉಚಿತವಾಗಿ ನಡೆಯುತ್ತದೆ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 21 ಸ್ಥಿತಿಗಳ ಪಟ್ಟಿಯಲ್ಲಿ ಆಟಿಸಂ ಇದೆ. ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕೆಂದು ಆ ಕಾಯಿದೆಯ 16ನೆಯ ಕಲಂ ಹೇಳುತ್ತದೆ. ಆಟಿಸಂ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಡಿ ನಿರಾಮಯ ಎಂಬ ಆರೋಗ್ಯ ವಿಮೆಯೂ ಇದ್ದು, ಅದರ ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ.

ದುಬಾರಿ ಚಿಕಿತ್ಸೆಯೊಂದೇ ದಾರಿಯೆಂದು ಎದೆಗುಂದಬೇಕಾಗಿಲ್ಲ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಜ್ಞರಲ್ಲದ ಆರೋಗ್ಯ ಕಾರ್ಯಕರ್ತರು ತರಬೇತಿ ಪಡೆದು ಪೋಷಕರಿಗೆ ಮಾರ್ಗದರ್ಶನ ಮಾಡಿದರು. ಪೋಷಕರು ಮಗುವಿನ ಆಟಕ್ಕೆ ಹೊಂದಿಕೊಂಡು ಸ್ಪಂದಿಸುವುದು ಹೆಚ್ಚಿತು. ಮಕ್ಕಳು ತಾವಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿತು. ಅದು ಹಂಚಿಕೆಯನ್ನು ಅಳೆದ ಅಧ್ಯಯನವಲ್ಲ. ಆದರೆ ಪಾಳಿಯ ಆಟ ನಿಲ್ಲುವುದು ಈ ಅಡಿಪಾಯದ ಮೇಲೆಯೇ. ‘ಮೂರು ತಿಂಗಳಲ್ಲಿ ಪೂರ್ಣ ಗುಣ’ ಎಂಬ ಜಾಹೀರಾತುಗಳಿಂದ ಮಾತ್ರ ದೂರವಿರಬೇಕು.

ಕೊನೆಯದಾಗಿ, ಸಂಘ-ಸಂಸ್ಥೆಗಳವರಾದ ನಾವು ಮಾಡಬಹುದಾದ ಕೆಲಸವೂ ಇದೆ. ರಾಜ್ಯೋತ್ಸವದಂಥ ಸಮಾರಂಭಗಳಲ್ಲಿ ಧ್ವನಿವರ್ಧಕದಿಂದ ದೂರದ ಒಂದು ಕೋಣೆಯನ್ನು ಮಕ್ಕಳಿಗಾಗಿ ತೆರೆದಿಡಬಹುದು. ಊಟದ ಸಾಲಿನಲ್ಲಿ ಇಂಥ ಕುಟುಂಬಗಳನ್ನು ಮೊದಲು ಕೂರಿಸಬಹುದು. ಮಕ್ಕಳ ಸ್ಪರ್ಧೆಗಳಲ್ಲಿ ಯಾರ ಪಾಳಿಯ ನಂತರ ಯಾರದು ಎಂಬುದನ್ನು ಚಿತ್ರಸಮೇತ ಫಲಕದ ಮೇಲೆ ಬರೆಯಬಹುದು. ಮಗು ಕಿರುಚಿದಾಗ ತಿರುಗಿ ನೋಡದೆ, ಅದರ ತಾಯಿಗೆ ಪಕ್ಕದ ಕುರ್ಚಿಯನ್ನು ತೋರಿಸುವುದಕ್ಕಂತೂ ಯಾವ ತರಬೇತಿಯೂ ಬೇಕಿಲ್ಲ.